ನವಲಗುಂದದ ದಾರಿಯಲ್ಲಿ 36 ಪಾಯಿಂಟ್

ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ನವಲಗುಂದದ ಮಾತು ಶುರುವಾಗುತ್ತದೆ. ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ಅಲ್ಲಿ ರಾಮಲಿಂಗ ಕಾಮಣ್ಣನನ್ನು ಕೂಡಿಸುತ್ತಾರೆ. ಮದುವೆಯಾಗಲಿ, ನೌಕರಿ ಸಿಗಲಿ, ಮಕ್ಕಳಾಗಲಿ ಎಂದು ಹರಕೆ ಹೊರಲು ದೂರದೂರಿನಿಂದ ಜನ ಬರುತ್ತಾರೆ. ನನ್ನ ನಾದಿನಿ ಎರಡು ವರ್ಷದ ಹಿಂದೆ ಹರಕೆ ಹೊತ್ತು ಬಂದಿದ್ದಳು. ಈ ಸಲ ಏಳು ತಿಂಗಳ ಕೂಸನ್ನು ಎತ್ತಿಕೊಂಡು, ಕರವಸ್ತ್ರದಲ್ಲಿ ಸುತ್ತಿದ ಬೆರಳುದ್ದದ ಬೆಳ್ಳಿಯ ತೊಟ್ಟಿಲನ್ನು ಪರ್ಸಿನಲ್ಲಿಟ್ಟುಕೊಂಡು ಹರಕೆ ತೀರಿಸಲು ಹೊರಟಳು.

ದಾರಿ ದೊಡ್ಡದೇನಲ್ಲ. ವಿಜಯಪುರದ ಹೆದ್ದಾರಿಯಲ್ಲಿ 40 ಕಿ.ಮೀ.ಗಿಂತ ಕಡಿಮೆಯೇ. ಕಾರು ಓಡಿಸುವವಳು ನಾನು. ಪಕ್ಕದಲ್ಲಿ ನಮ್ಮ ಮನೆಯವರು, ಹಿಂದೆ ಅತ್ತೆ, ನಾದಿನಿ, ಕೂಸು ಮತ್ತು ಐದನೆಯ ಇಯತ್ತೆಯ ನನ್ನ ಮಗಳು. ಡಿಕ್ಕಿಯಲ್ಲಿ ರೊಟ್ಟಿಯ ಡಬ್ಬಿ, ಎರಡು ಕೊಡ ನೀರು, ಕೂಸಿನ ಸಾಮಾನಿನ ಎರಡು ಚೀಲ. ಇಷ್ಟು ಭಾರ ನಮ್ಮ ಕಾರು ವರ್ಷಕ್ಕೆ ಎರಡು ಮೂರು ಸಲ ಹೊತ್ತರೆ ಹೆಚ್ಚು.

ಹಿಂದಿನ ದಿನ ಪಕ್ಕದ ಮನೆಯವರು ಒಂದು ಮಾತು ಹೇಳಿದ್ದರು. ‘ಬ್ಯಾಸಿಗಿ ಶುರು ಆತು ನೋಡ್ರಿ. ಗಾಲ್ಯಾಗ ಹವಾ ಸ್ವಲ್ಪ ಕಡಿಮಿ ಇಡಬೇಕು. ಇಲ್ಲಂದ್ರ ಬಿಸಿಲಿಗೆ ಉಬ್ಬಿ ಒಡೀತಾವ.’ ಈ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ, ನೀವೂ ಕೇಳಿರುತ್ತೀರಿ. ಮಧ್ಯಾಹ್ನ ಮೂರರ ಹೊತ್ತಿಗೆ ಪ್ಯಾಟೆಯೆಲ್ಲ ಸುತ್ತಿ, ಬಿಸಿಲಲ್ಲಿ ಕಾದ ಕಾರನ್ನು ಪೆಟ್ರೋಲ್ ಬಂಕಿಗೆ ಒಯ್ದೆ. ಮೀಟರು 37 ತೋರಿಸಿತು. ‘ಅಯ್ಯ, ಹೆಚ್ಚಾಗೇತಿ. 32ಕ್ಕ ಇಳಸಪಾ’ ಎಂದೆ. ಹುಡುಗ ಇಳಿಸಿದ. ಅವನ ತಪ್ಪೇನೂ ಇಲ್ಲ, ಹೇಳಿದವಳು ನಾನು.

ಮರುದಿನ ಬೆಳಿಗ್ಗೆ ಹೊರಟಾಗ ತಂಪಿತ್ತು. ಕುಸುಗಲ್ ದಾಟಿದ ಮೇಲೆ ಊರಿನ ಗದ್ದಲ ಮುಗಿದು ಎರಿಹೊಲ ಶುರುವಾಗುತ್ತದೆ. ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಕಪ್ಪು ನೆಲ. ಗಿಡ ಮರ ಕಡಿಮೆ. ಕಡಲೆ, ಗೋದಿ, ಬಿಳಿಜೋಳ ಕೊಯ್ದಾಗಿತ್ತು. ಕೆಲವು ಹೊಲಗಳಲ್ಲಿ ಹತ್ತಿಯ ಕಟ್ಟಿಗೆ ಇನ್ನೂ ನಿಂತಿತ್ತು. ಮಳೆಗಾಲದಲ್ಲಿ ಬೆಣ್ಣಿಹಳ್ಳ ಉಕ್ಕಿದರೆ ಕೆರೆಯಾಗುವ ಇದೇ ನೆಲ ಈಗ ಕೈ ತೂರುವಷ್ಟು ಅಗಲ ಬಿರುಕು ಬಿಟ್ಟಿತ್ತು. ಎರಿಮಣ್ಣಿನ ಗುಣವೇ ಅದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರ ಮೇಲೆ ಹಾಸಿದ ರಸ್ತೆಯೂ ಜೊತೆಗೇ ಏಳುತ್ತದೆ, ಬೀಳುತ್ತದೆ. ಹಾಗಾಗಿ ಈ ಕಡೆಯ ರಸ್ತೆಗಳಲ್ಲಿ ತಗ್ಗು ಕಾಣದಿದ್ದರೂ ಅಲೆಗಳು ಸಿಗುತ್ತವೆ.

ಅವತ್ತು ಆ ಅಲೆಗಳ ಮೇಲೆ ಕಾರು ದೋಣಿಯ ಹಾಗೆ ತೂಗುತ್ತಿತ್ತು. ಕೂಸು ಸುಖವಾಗಿ ಮಲಗಿತ್ತು. ‘ತೊಟ್ಟಲಾ ತೂಗಿದಂಗ ಆಗಾಕತ್ತೇತಿ’ ಎಂದು ಅತ್ತೆ ನಕ್ಕರು. ಭಾರ ಜಾಸ್ತಿಯಾಗಿದೆ, ಅದಕ್ಕೇ ಎಂದುಕೊಂಡು ನಾನೂ ಸುಮ್ಮನಿದ್ದೆ.

ಹೆಬಸೂರು ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆಯ ಎಡಕ್ಕೆ ಯಾರೋ ಜೋಳದ ತೆನೆ ಹರವಿದ್ದರು. ಗಾಡಿಗಳು ಮೇಲೆ ಹಾದುಹೋದರೆ ಕಾಳು ತಾನೇ ಉದುರುತ್ತದೆ, ಒಕ್ಕುವ ಕೆಲಸ ಉಳಿಯುತ್ತದೆ. ನಾನು ತಪ್ಪಿಸಲು ಸ್ಟೀರಿಂಗ್ ಬಲಕ್ಕೆ ಎಳೆದೆ. ಎದುರಿಗೆ ಲಾರಿ ಕಂಡಿತು. ತಕ್ಷಣ ಎಡಕ್ಕೆ ಎಳೆದೆ. ಕಾರಿನ ಮುಂಭಾಗ ನನ್ನ ಮಾತು ಕೇಳಿತು, ಹಿಂಭಾಗ ಕೇಳಲಿಲ್ಲ. ಅದು ಒಂದು ಕ್ಷಣ ತಡೆದು, ಆಮೇಲೆ ಬಾಲ ಬೀಸಿದ ಹಾಗೆ ಪಕ್ಕಕ್ಕೆ ಹೋಯಿತು. ಲಾರಿ ಹಾರ್ನ್ ಹೊಡೆಯುತ್ತ ದಾಟಿತು. ನಾದಿನಿ ಕೂಸನ್ನು ಎದೆಗೆ ಅವಚಿಕೊಂಡಿದ್ದಳು. ಯಾರೂ ಮಾತನಾಡಲಿಲ್ಲ.

ಸ್ವಲ್ಪ ಮುಂದೆ ಒಂದು ಬೇವಿನ ಮರ, ಅದರ ಕೆಳಗೆ ಪಂಚರ್ ಅಂಗಡಿ ಕಂಡಿತು. ಹಳೆಯ ಟೈರುಗಳ ಒಟ್ಟಿಲು, ನೀರಿನ ತೊಟ್ಟಿ, ಹವಾ ಮಷೀನು. ಪಕ್ಕದಲ್ಲಿ ಒಂದು ಟ್ರ್ಯಾಕ್ಟರು ನಿಂತಿತ್ತು. ಅಂಗಡಿಯ ಅಜ್ಜ ಎದ್ದು ಬಂದರು. ಮೀಟರು ಹಚ್ಚಲೇ ಇಲ್ಲ. ಹಿಂದಿನ ಗಾಲಿಯ ಪಕ್ಕಕ್ಕೆ ಅಂಗೈ ಇಟ್ಟರು.

‘ಅಕ್ಕಾರ, ಮುಟ್ಟಿ ನೋಡ್ರಿ.’

ಮುಟ್ಟಿದೆ. ಒಲೆಯಿಂದ ಈಗಷ್ಟೇ ಇಳಿಸಿದ ಹಂಚಿನಷ್ಟಲ್ಲದಿದ್ದರೂ ಕೈ ಇಟ್ಟುಕೊಳ್ಳಲು ಆಗದಷ್ಟು ಬಿಸಿ. ಬೆಳಗಿನ ಏಳೂವರೆ. ಬಿಸಿಲು ಇನ್ನೂ ಏರಿರಲಿಲ್ಲ.

‘ಹವಾ ಕಡಿಮಿ ಐತ್ರಿ’ ಎಂದರು ಅಜ್ಜ. ಮೀಟರು ಹಚ್ಚಿದರು. 32.

‘32 ಐತಲ್ರಿ ಅಜ್ಜಾರ! ಅಷ್ಟ ಇರಬೇಕಲ್ಲಾ?’ ಎಂದೆ ನಾನು. ನಿನ್ನೆ ನಾನೇ ಇಡಿಸಿದ ಅಂಕಿ ಅದು.

ಅಜ್ಜ ನಕ್ಕರು. ‘ಇದು ಬಿಸಿ ಗಾಲಿಯ 32 ರೀ. ತಂಪ ಗಾಲಿಯ 32 ಬ್ಯಾರೆ.’

ನನ್ನ ಇಡೀ ತಪ್ಪು ಆ ಎರಡು ವಾಕ್ಯಗಳಲ್ಲಿತ್ತು. ಟೈರಿನೊಳಗಿನ ಗಾಳಿ ಬಿಸಿಯಾದರೆ ಹಿಗ್ಗಲು ನೋಡುತ್ತದೆ. ಹಿಗ್ಗಲು ಜಾಗವಿಲ್ಲ, ಆದ್ದರಿಂದ ಒತ್ತಡ ಏರುತ್ತದೆ. ಉಷ್ಣತೆ ಐದಾರು ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು ಒಂದು ಪಾಯಿಂಟ್ ಏರುತ್ತದೆ. ಕಾರು ಓಡಿದರೂ ಟೈರು ಬಾಗಿ ಬಾಗಿ ಬಿಸಿಯಾಗುತ್ತದೆ, ಆಗ ನಾಲ್ಕೈದು ಪಾಯಿಂಟ್ ಏರುವುದು ಸಹಜ. ನಿನ್ನೆ ಮಧ್ಯಾಹ್ನ ಕಂಡ 37 ಹೆಚ್ಚಾದ ಹವಾ ಆಗಿರಲೇ ಇಲ್ಲ. ಅದು 32ರ ಹವಾ, ಬಿಸಿಲಿನಲ್ಲಿ ಮತ್ತು ಓಟದಲ್ಲಿ ಮೈ ಬಿಸಿ ಮಾಡಿಕೊಂಡಿತ್ತು, ಅಷ್ಟೇ. ಅದರಿಂದ ಐದು ಪಾಯಿಂಟ್ ತೆಗೆಸಿದೆ. ರಾತ್ರಿ ತಂಪಾದ ಮೇಲೆ ಒಳಗೆ ಉಳಿದದ್ದು 27ರ ಆಸುಪಾಸು. ಅದರ ಮೇಲೆ ಆರು ಜನರನ್ನು ಹತ್ತಿಸಿದೆ. ಈಗ ಓಡಿ ಓಡಿ ಬಿಸಿಯಾಗಿ ಅದೇ ಗಾಲಿ ಮತ್ತೆ 32 ಎಂದು ಹೇಳುತ್ತಿತ್ತು. ಮೀಟರು ಸುಳ್ಳು ಹೇಳಲಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಕೇಳಿದವಳು ನಾನು.

‘ಪಾಯಿಂಟ್ ಅಂದ್ರೇನ್ರೀ?’ ಎಂದು ಮಗಳು ಕೇಳಿದಳು. ಅಂಗಡಿಯಲ್ಲಿ ಪಾಯಿಂಟ್ ಎನ್ನುವುದು ಪುಸ್ತಕದ ಪಿಎಸ್‌ಐ. ಒಂದು ಚದರ ಅಂಗುಲದ ಮೇಲೆ ಎಷ್ಟು ಪೌಂಡು ತೂಕದ ಒತ್ತು ಬೀಳುತ್ತದೆ ಎಂಬ ಲೆಕ್ಕ. ಈ ಲೆಕ್ಕದಿಂದ ಇನ್ನೊಂದು ತಮಾಷೆಯ ಸಂಗತಿ ಹೊರಡುತ್ತದೆ. ಜನ, ಸಾಮಾನು ಸೇರಿ ನಮ್ಮ ಕಾರು ಸುಮಾರು 1400 ಕಿಲೊ ಎಂದಿಟ್ಟುಕೊಳ್ಳಿ. ಒಂದೊಂದು ಗಾಲಿಯ ಪಾಲಿಗೆ 350 ಕಿಲೊ, ಅಂದರೆ 770 ಪೌಂಡು. ಒಳಗೆ 35 ಪಾಯಿಂಟ್ ಹವಾ ಇದ್ದರೆ 770ನ್ನು 35ರಿಂದ ಭಾಗಿಸಿ. 22 ಚದರ ಅಂಗುಲ. ಪೋಸ್ಟ್ ಕಾರ್ಡಿಗಿಂತ ಚೂರು ದೊಡ್ಡದು. ಇಡೀ ಕಾರು, ಕೂಸಿನ ಸಮೇತ, ನೆಲವನ್ನು ಹಿಡಿದುಕೊಂಡಿರುವುದು ಇಂಥ ನಾಲ್ಕು ಕಾರ್ಡುಗಳಿಂದ. ಲೆಕ್ಕ ಅಂದಾಜಿನದು, ಟೈರಿನ ಗಡಸುತನವೂ ಒಂದಿಷ್ಟು ಭಾರ ಹೊರುತ್ತದೆ. ಆದರೂ ಮಗಳು ಗಾಲಿಯ ಬುಡಕ್ಕೆ ಬಗ್ಗಿ ನೋಡಿ, ‘ಇಷ್ಟ ಇಷ್ಟೇ ಏನವ್ವಾ?’ ಎಂದು ಬಾಯಿ ತೆರೆದಳು.

ಹವಾ ಕಡಿಮೆಯಾದರೆ ಕಾರ್ಡು ದೊಡ್ಡದಾಗುತ್ತದಲ್ಲ, ಹಿಡಿತ ಇನ್ನೂ ಚೆನ್ನಾಗಬೇಕಲ್ಲ ಎಂದು ನಮ್ಮ ಮನೆಯವರು ತರ್ಕ ಹೂಡಿದರು. ಹಾಗಾಗುವುದಿಲ್ಲ. ಕಾರ್ಡಿನ ನಡುಭಾಗ ಮೇಲಕ್ಕೆ ಮಡಚಿದ ಹಾಗಾಗಿ, ಭಾರವೆಲ್ಲ ಎರಡು ಅಂಚುಗಳ ಮೇಲೆ ಬೀಳುತ್ತದೆ. ಪಕ್ಕದ ಗೋಡೆಗಳು ಪ್ರತಿ ಸುತ್ತಿಗೂ ಆಳವಾಗಿ ಬಾಗಿ ಏಳುತ್ತವೆ. ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತ ಹೋದರೆ ಬಾಗಿದ ಜಾಗ ಬಿಸಿಯಾಗಿ ಕೊನೆಗೆ ಮುರಿಯುವುದನ್ನು ಎಲ್ಲ ಮಕ್ಕಳೂ ಮಾಡಿ ನೋಡಿರುತ್ತಾರೆ. ಟೈರಿನ ಒಳಗೂ ಆಗುವುದು ಅದೇ. ಬೇಸಿಗೆಯಲ್ಲಿ ಹೆದ್ದಾರಿಯ ಮೇಲೆ ಟೈರು ಒಡೆಯಲು ಹೆಚ್ಚಾದ ಹವಾಕ್ಕಿಂತ ಕಡಿಮೆಯಾದ ಹವಾ ದೊಡ್ಡ ಕಾರಣ. ಪಕ್ಕದ ಮನೆಯವರ ಮಾತು ತಲೆಕೆಳಗಾಗಿತ್ತು. ಬಿಸಿಯಾದಾಗ ಒತ್ತಡ ಏರುತ್ತದೆ ಎಂಬುದು ಟೈರು ಮಾಡುವವರಿಗೆ ಗೊತ್ತಿದೆ, ಅದಕ್ಕೆ ಜಾಗ ಬಿಟ್ಟೇ ಮಾಡಿರುತ್ತಾರೆ.

‘ನಿಮ್ಮ ಗಾಡಿದು ಎಷ್ಟು ಅಂತ ಬಾಗಲದಾಗ ಬರದಿರತೈತಿ ನೋಡ್ರಿ’ ಎಂದರು ಅಜ್ಜ. ಡ್ರೈವರ್ ಬಾಗಿಲು ತೆರೆದರೆ ಬಾಗಿಲ ಕಂಬದ ಮೇಲೆ ಒಂದು ಚೀಟಿ. ಆರು ವರ್ಷದಿಂದ ದಿನಾ ಆ ಬಾಗಿಲು ತೆರೆದಿದ್ದೇನೆ, ಚೀಟಿ ಓದಿರಲಿಲ್ಲ. ಎರಡು ಸಾಲು ಇದ್ದವು. ಇಬ್ಬರು ಮೂವರು ಕೂತರೆ ನಾಲ್ಕೂ ಗಾಲಿಗೆ 32. ಪೂರ್ತಿ ಭಾರವಿದ್ದರೆ ಮುಂದೆ 33, ಹಿಂದೆ 36. ಎರಡೂ ತಂಪು ಗಾಲಿಯ ಲೆಕ್ಕ, ಅಂದರೆ ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು, ಇಲ್ಲವೇ ಒಂದೆರಡು ಕಿ.ಮೀ.ಗಿಂತ ಹೆಚ್ಚು ಓಡಿರಬಾರದು. ಇದು ನಮ್ಮ ಕಾರಿನ ಅಂಕಿ, ನಿಮ್ಮದು ಬೇರೆ ಇರುತ್ತದೆ. ಕೆಲವು ಕಾರುಗಳಲ್ಲಿ ಚೀಟಿ ಪೆಟ್ರೋಲ್ ಮುಚ್ಚಳದ ಒಳಗೆ ಇರುತ್ತದೆ. ಟೈರಿನ ಮೈಮೇಲೆ ಒಂದು ದೊಡ್ಡ ಅಂಕಿ ಕಂಡರೆ ಅದನ್ನು ನಂಬಿ ಹವಾ ತುಂಬಿಸಬೇಡಿ. ಅದು ಆ ಟೈರು ತಡೆಯುವ ಗರಿಷ್ಠ, ಕಾರಿಗೆ ಬೇಕಾದದ್ದಲ್ಲ.

ಮೂರು ಗಂಟೆ ಕಾಯುವಂತಿರಲಿಲ್ಲ. ಅಜ್ಜ ಚೀಟಿಯ ಅಂಕಿಗೆ ನಾಲ್ಕು ಕೂಡಿಸಿ, ಹಿಂದೆ 40, ಮುಂದೆ 37 ತುಂಬಿದರು. ‘ಇದು ಇವತ್ತಿನ ಮಟ್ಟಿಗೆ ರೀ. ನಾಳೆ ಮುಂಜಾನೆ ಗಾಡಿ ತಗಿಯೂಕಿಂತ ಮೊದಲ ಮತ್ತ ನೋಡಸ್ರಿ’ ಎಂದು ಎರಡು ಸಲ ಹೇಳಿದರು. ಗಾಲಿಯ ಪಕ್ಕದಲ್ಲಿ ಸೀಳು, ಉಬ್ಬು ಬಂದಿದೆಯೇ ಎಂದು ಬೆರಳಾಡಿಸಿ ನೋಡಿದರು. ಬಂದಿರಲಿಲ್ಲ.

ಗಾಲಿ ಸ್ವಲ್ಪ ಆರಲಿ ಎಂದು ಅಲ್ಲೇ ರೊಟ್ಟಿ ಬಿಚ್ಚಿದೆವು. ಅಜ್ಜನಿಗೂ ಎರಡು ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಮಗಳು ಟ್ರ್ಯಾಕ್ಟರಿನ ಮುಂದೆ ನಿಂತು, ‘ಇದಕ್ಕ ನೂರು ಪಾಯಿಂಟ್ ಹಾಕ್ತೀರೇನ್ರೀ ಅಜ್ಜಾ?’ ಎಂದಳು.

‘ಹನ್ನೆರಡೋ ಹದಿನೈದೋ ಸಾಕು ತಂಗೀ.’

ಅವಳಿಗೆ ನಂಬಿಕೆ ಬರಲಿಲ್ಲ. ಅಷ್ಟು ಎತ್ತರದ ಗಾಲಿಗೆ ಅವಳ ಸೈಕಲ್ಲಿಗಿಂತ ಕಡಿಮೆ ಹವಾ! ಆದರೆ ಎರಿಹೊಲದಲ್ಲಿ ನಡೆಯಬೇಕಾದ ಗಾಲಿ ಅದು. ಕಾರ್ಡಿನ ಲೆಕ್ಕವೇ ಇಲ್ಲೂ. ಒಳಗಿನ ಒತ್ತಡ ಕಡಿಮೆ ಇದ್ದಷ್ಟೂ ನೆಲ ಮುಟ್ಟುವ ಜಾಗ ದೊಡ್ಡದು, ಮಣ್ಣಿನ ಒಂದೊಂದು ಅಂಗುಲದ ಮೇಲೆ ಬೀಳುವ ಭಾರ ಕಡಿಮೆ, ಹೂಳುವುದೂ ಕಡಿಮೆ. ಹೊಲದಲ್ಲಿ ನಿಧಾನವಾಗಿ ಓಡುವುದರಿಂದ ಬಿಸಿಯ ಭಯವಿಲ್ಲ. ನಮ್ಮೆದುರು ಬಂದ ಲಾರಿಗೆ ನೂರಕ್ಕೂ ಹೆಚ್ಚು ಪಾಯಿಂಟ್ ಇರುತ್ತದೆ. ಸಣ್ಣ ಜಾಗದ ಮೇಲೆ ದೊಡ್ಡ ಭಾರ ಹೊತ್ತು ವೇಗವಾಗಿ ಓಡಬೇಕಲ್ಲ. ಇನ್ನೊಂದು ಗುಟ್ಟು ಅಜ್ಜ ಹೇಳಿದರು. ಟ್ರ್ಯಾಕ್ಟರಿನ ದೊಡ್ಡ ಗಾಲಿಯೊಳಗೆ ಹವಾ ಜೊತೆ ನೀರನ್ನೂ ತುಂಬಿಸುತ್ತಾರಂತೆ, ಗಾಲಿ ಜಾರದೆ ನೆಲ ಕಚ್ಚಲಿ ಎಂದು. ಮಗಳು ಗಾಲಿಗೆ ಕಿವಿ ಹಚ್ಚಿ ತಟ್ಟಿ ನೋಡಿದಳು.

ಅತ್ತೆಗೆ ತಮ್ಮ ತವರಿನ ಚಕ್ಕಡಿ ನೆನಪಾಯಿತು. ಕಟ್ಟಿಗೆಯ ಗಾಲಿ, ಸುತ್ತ ಕಬ್ಬಿಣದ ಪಟ್ಟಿ. ಮಳೆ ಬಿದ್ದ ಎರಿಯಲ್ಲಿ ಅದು ಹೂತರೆ ಎರಡು ಜೋಡಿ ಎತ್ತು ಹೂಡಬೇಕಿತ್ತಂತೆ. ಗಾಳಿ ತುಂಬಿದ ಗಾಲಿ ಹಳ್ಳಿಗೆ ಬಂದದ್ದು ಎಷ್ಟೋ ತಡವಾಗಿ. ಅದರ ಯೋಚನೆ ಮಾತ್ರ ಹಳೆಯದು. 1845ರಲ್ಲಿಯೇ ರಾಬರ್ಟ್ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವರು ಅದಕ್ಕೆ ಪೇಟೆಂಟ್ ಪಡೆದಿದ್ದರು, ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಡನ್ಲಪ್ ತಮ್ಮ ಮಗನ ಮೂರು ಗಾಲಿ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕದಿರಲಿ ಎಂದು ಗಾಳಿ ತುಂಬಿದ ರಬ್ಬರಿನ ಕೊಳವೆ ಸುತ್ತಿದಾಗ ಅದು ಜಗತ್ತಿಗೆ ಹಬ್ಬಿತು. ಡನ್ಲಪ್ ವೃತ್ತಿಯಿಂದ ದನದ ಡಾಕ್ಟರು.

ಮತ್ತೆ ಹೊರಟಾಗ ಕಾರು ಬೇರೆಯೇ ಆಗಿತ್ತು. ಅಲೆಗಳು ಸ್ವಲ್ಪ ಗಟ್ಟಿಯಾಗಿ ತಾಗಿದವು, ಕೂಸು ಎದ್ದು ಅತ್ತಿತು. ಆದರೆ ಸ್ಟೀರಿಂಗ್ ತಿರುಗಿಸಿದ ತಕ್ಷಣ ಹಿಂಭಾಗವೂ ತಿರುಗುತ್ತಿತ್ತು.

ನವಲಗುಂದದ ಗುಡ್ಡ ದೂರದಿಂದಲೇ ಕಾಣುತ್ತದೆ. ನವಿಲುಗಳಿದ್ದ ಗುಡ್ಡವಾದ್ದರಿಂದ ಆ ಹೆಸರು ಎನ್ನುತ್ತಾರೆ. ರೈತರ ಊರು ಇದು. 1980ರ ಜುಲೈ 21ರಂದು ಇಲ್ಲಿಯೂ ನರಗುಂದದಲ್ಲಿಯೂ ಚಳವಳಿಯಲ್ಲಿ ಜೀವ ತೆತ್ತ ರೈತರನ್ನು ಪ್ರತಿ ವರ್ಷ ನೆನೆಯುತ್ತಾರೆ. ಆದರೆ ಹೋಳಿಯ ಹೊತ್ತಿಗೆ ಊರಿನ ತುಂಬ ಕಾಮಣ್ಣನದೇ ಸುದ್ದಿ. ಪಾಳಿ ಉದ್ದವಿತ್ತು. ನಾದಿನಿ ತೊಟ್ಟಿಲು ಒಪ್ಪಿಸಿ, ಕೂಸನ್ನು ಕಾಮಣ್ಣನ ಮುಂದೆ ಹಿಡಿದು, ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಳು. ಅವಳು ಏನು ಬೇಡಿಕೊಂಡಳೋ ನಾನು ಕೇಳಲಿಲ್ಲ. ನನ್ನ ಕಣ್ಣ ಮುಂದೆ ಮಾತ್ರ ಆ ಲಾರಿಯೇ ಇತ್ತು.

ಜಮಖಾನ ನೋಡದೆ ನವಲಗುಂದದಿಂದ ಬರುವುದುಂಟೇ? ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಜಮಖಾನಗಳನ್ನು ನೇಯುವವರು ಹೆಣ್ಣುಮಕ್ಕಳು. ನಾವು ಹೋದ ಮನೆಯಲ್ಲಿ ಗೋಡೆಗೆ ಆನಿಸಿದ ನಿಲುವು ಮಗ್ಗದ ಮುಂದೆ ಇಬ್ಬರು ಕೂತು ನವಿಲು ನೇಯುತ್ತಿದ್ದರು. ಕಬ್ಬಿಣದ ಬಾಚಣಿಗೆಯಂಥ ಉಪಕರಣದಿಂದ ಎಳೆಗಳನ್ನು ಬಡಿದು ಕೂಡಿಸುವ ಸದ್ದು ಓಣಿಯ ತನಕ ಕೇಳುತ್ತಿತ್ತು. ಹಿಂದೆ ಈ ಕಸುಬನ್ನು ಮಗಳಿಗೆ ಕಲಿಸುತ್ತಿರಲಿಲ್ಲವಂತೆ, ಅವಳು ಬೇರೆ ಮನೆಗೆ ಹೋಗುವವಳು, ಸೊಸೆಗೆ ಕಲಿಸುತ್ತಿದ್ದರಂತೆ. ‘ನನ್ನ ಸೊಸಿಗೆ ಕಾರ ಬಿಡೂದು ನಾ ಕಲಸಿದ್ರ ಇವತ್ತ ಹಿಂಗ ಆಗತಿರಲಿಲ್ಲ’ ಎಂದರು ಅತ್ತೆ. ಬೆಳಗಿನಿಂದ ಮೊದಲ ಸಲ ಎಲ್ಲರೂ ನಕ್ಕೆವು.

ಹಾಸಿನ ಎಳೆಗಳನ್ನು ಮಗಳು ಬೆರಳಿನಿಂದ ಮೀಟಿದಳು. ಬಿಗಿಯಾಗಿದ್ದವು. ಸಡಿಲಾದರೆ ನವಿಲಿನ ಕುತ್ತಿಗೆ ಸೊಟ್ಟಗಾಗುತ್ತದೆ, ತೀರ ಬಿಗಿದರೆ ಎಳೆ ಹರಿಯುತ್ತದೆ ಎಂದರು ನೇಯುವಾಕೆ. ಟೈರಿನೊಳಗೂ ಇಂಥದೇ ಎಳೆಗಳಿವೆ ಎಂದು ನಾನು ಮಗಳಿಗೆ ಹೇಳಿದೆ. ರಬ್ಬರಿನ ನಡುವೆ ಪಾಲಿಯೆಸ್ಟರ್ ದಾರ, ಉಕ್ಕಿನ ತಂತಿಯ ಪದರುಗಳಿರುತ್ತವೆ. ಭಾರ ಹೊರುವುದು ರಬ್ಬರೊಂದೇ ಅಲ್ಲ, ಹವಾ ಈ ಎಳೆಗಳನ್ನು ಒಳಗಿನಿಂದ ಬಿಗಿದು ನಿಲ್ಲಿಸುತ್ತದೆ. ಅವಳು ಹೊರಗೆ ಓಡಿಹೋಗಿ ಟೈರಿನ ಪಕ್ಕದಲ್ಲಿ ಪಾಲಿಯೆಸ್ಟರ್, ಸ್ಟೀಲ್ ಎಂದು ಬರೆದದ್ದನ್ನು ಓದಿ ಬಂದಳು. ಜೊತೆಗೆ ನಾಲ್ಕಂಕಿಯ ಒಂದು ಸಂಖ್ಯೆ ಹುಡುಕಿದ್ದಳು, 2319. ಆ ಟೈರು 2019ರ 23ನೆಯ ವಾರದಲ್ಲಿ ತಯಾರಾದದ್ದು ಎಂದು ಅದರ ಅರ್ಥ. ನಿಮ್ಮ ಮನೆಯ ಕಾರಿನ ಟೈರಿನ ಮೇಲೂ ಹುಡುಕಿ ನೋಡಿ.

ಸಂಜೆ ವಾಪಸು ಹೊರಡುವಾಗ ಅತ್ತೆಯ ಕಡೆಯವರು ಅರ್ಧ ಚೀಲ ಕಡಲೆ, ಒಂದು ಗಂಟು ಒಣಮೆಣಸಿನಕಾಯಿ ಡಿಕ್ಕಿಗೆ ಹಾಕಿದರು. ಅವರಲ್ಲೊಬ್ಬರು, ‘ನಾ ಅಂತೂ ಯಾವಾಗ್ಲೂ 45 ಹಾಕಸತೇನಿ, ಮೈಲೇಜ್ ಛಲೋ ಬರತೈತಿ’ ಎಂದರು. ಮೈಲೇಜು ಚೂರು ಹೆಚ್ಚಬಹುದು. ಆದರೆ ಟೈರು ನಡುವೆ ಉಬ್ಬಿ ಅಲ್ಲಿ ಮಾತ್ರ ಸವೆಯುತ್ತದೆ, ನೆಲ ಮುಟ್ಟುವ ಕಾರ್ಡು ಚಿಕ್ಕದಾಗಿ ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ, ತಗ್ಗಿನಲ್ಲಿ ಬಿದ್ದರೆ ಪೆಟ್ಟು ನೇರವಾಗಿ ತಾಗುತ್ತದೆ. ಬೀಗರ ಊರಿನಲ್ಲಿ ವಾದ ಬೇಡವೆಂದು ನಾನು ಬಾಯಿ ಮುಚ್ಚಿಕೊಂಡೆ. ನೈಟ್ರೋಜನ್ ಹಾಕಿಸಿದರೆ ಯಾವ ಚಿಂತೆಯೂ ಇಲ್ಲ ಎಂದು ಇನ್ನೊಬ್ಬರು ಹೇಳಿದರು. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಯಾವುದನ್ನೇ ತುಂಬಿಸಿದರೂ ಅದು ಸ್ವಲ್ಪ ಸ್ವಲ್ಪವಾಗಿ ಸೋರುವುದೇ, ತಿಂಗಳಿಗೊಮ್ಮೆ ಅಳೆಯುವುದು ತಪ್ಪುವುದಿಲ್ಲ.

ಊರು ಸೇರಿದಾಗ ರಾತ್ರಿಯಾಗಿತ್ತು. ದಾರಿಯಲ್ಲಿ ಮಗಳ ಹಟಕ್ಕೆ ಒಂದು ಪುಟ್ಟ ಹವಾ ಮೀಟರು ಕೊಂಡಿದ್ದೆವು, ಪೆನ್ನಿನಷ್ಟು ಉದ್ದದ್ದು.

ಬೆಳಿಗ್ಗೆ ಆರಕ್ಕೆ ನಾನು ಏಳುವ ಮೊದಲೇ ಅವಳು ಎದ್ದು ಅಂಗಳದಲ್ಲಿದ್ದಳು. ಮುಂದೆ 33, 33. ಹಿಂದೆ 36, ಇನ್ನೊಂದು 35. ಅಜ್ಜನ ಅಂದಾಜು ಒಂದು ಪಾಯಿಂಟಿಗಿಂತ ಹೆಚ್ಚು ತಪ್ಪಿರಲಿಲ್ಲ ಎನ್ನಬೇಕು. ಇನ್ನು ಮನೆಯ ಮೂವರಷ್ಟೇ ಓಡಾಡುವುದು, ಆದ್ದರಿಂದ ಹಿಂದಿನವನ್ನು 32ಕ್ಕೆ ಇಳಿಸಿದೆವು, ಈ ಸಲ ತಂಪು ಗಾಲಿಯಲ್ಲಿ. ಮಗಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ನಾಲ್ಕೂ ಅಂಕಿ ಬರೆದಳು.

ಆಮೇಲೆ ಪೆನ್ನು ಹಿಡಿದುಕೊಂಡೇ ತಿರುಗಿ ಬಂದು, ‘ಅವ್ವಾ, ಸ್ಟೆಪ್ನಿದು?’ ಎಂದಳು.

ಕಡಲೆ ಚೀಲ ಇಳಿಸಿ, ಮೆಣಸಿನಕಾಯಿ ಗಂಟು ಎತ್ತಿ, ಡಿಕ್ಕಿಯ ಹಾಸು ಸರಿಸಿ, ಧೂಳು ತುಂಬಿದ ಐದನೆಯ ಗಾಲಿಗೆ ಮೀಟರು ಹಚ್ಚಿದೆವು. ನಿನ್ನೆ ಆ ಗಾಲಿಯ ನಂಬಿಕೆಯ ಮೇಲೆ ಕೂಸನ್ನು ಕರೆದುಕೊಂಡು ಎರಿಹೊಲದ ನಡುವೆ ಹೋಗಿ ಬಂದಿದ್ದೆವು. ಮೀಟರು 11 ತೋರಿಸಿತು.